ತನ್ನ ಲೆಕ್ಕ ತಾನೇ ಬರೆಯುವ ಮಗು



ನಿಮ್ಮ ಮನೆಯ ಮಗು ಪರೀಕ್ಷೆ ಮುಗಿಸಿ ಬಂದಾಗ ನೀವು ಕೇಳುವ ಮೊದಲ ಪ್ರಶ್ನೆ ಯಾವುದು? 'ಎಷ್ಟು ಬರಬಹುದು?' ಎಂದಲ್ಲವೇ? ಅಂಕಪಟ್ಟಿ ಕೈಗೆ ಬಂದ ದಿನ ಕೇಳುವ ಪ್ರಶ್ನೆ, 'ಪಕ್ಕದ ಮನೆಯವನಿಗೆ ಎಷ್ಟು ಬಂತು?' ಎರಡು ಪ್ರಶ್ನೆಗಳಿಗೂ ಉತ್ತರ ಮಗುವಿನ ಹೊರಗಿದೆ. ಒಂದು ಉತ್ತರ ಪತ್ರಿಕೆ ತಿದ್ದುವವರ ಕೈಯಲ್ಲಿದ್ದರೆ ಇನ್ನೊಂದು ಪಕ್ಕದ ಮನೆಯಲ್ಲಿದೆ. 'ಈ ಅರ್ಧ ವರ್ಷದಲ್ಲಿ ನೀನು ಏನು ಕಲಿತೆ, ಏನು ಕಲಿಯಲಿಲ್ಲ, ಅದು ನಿನಗೆ ಹೇಗೆ ಗೊತ್ತಾಯಿತು?' ಎಂದು ಕೇಳುವ ಹೆತ್ತವರು ಬಹಳ ಕಡಿಮೆ. ಕೇಳಿದರೂ ಹೆಚ್ಚಿನ ಮಕ್ಕಳು ತಬ್ಬಿಬ್ಬಾಗುತ್ತಾರೆ. ಏಕೆಂದರೆ ಅವರ ಲೆಕ್ಕವನ್ನು ಇದುವರೆಗೆ ಬೇರೆಯವರೇ ಬರೆದಿದ್ದಾರೆ.

ಈ ತಿಂಗಳ ಮಾತು ಈ ಲೆಕ್ಕದ ಕುರಿತು.

ಶಹಾಪುರ ಭಾಗದ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ನಾವು ಒಂದು ಕೆಲಸ ಕೊಟ್ಟಿದ್ದೆವು. ದಸರಾ ರಜೆ ಮುಗಿದ ಮೇಲೆ ಆರಂಭವಾಗುವ ಎರಡನೇ ಸೆಮಿಸ್ಟರ್‌ನಲ್ಲಿ ಪ್ರತಿ ಮಗುವೂ ವಾರಕ್ಕೊಂದು ಪುಟ ಬರೆಯಬೇಕು. ವಿಷಯ ಅವರದೇ. ಸಂತೆ, ಹೊಲ, ಬಸ್ಸು, ತಂಗಿಯ ಜ್ವರ, ಕೆರೆಯ ನೀರು, ಏನಾದರೂ ಆಗಬಹುದು. ಗೈಡ್ ನೋಡಿ ಬರೆಯುವಂತಿಲ್ಲ. ಶನಿವಾರ ನೋಟುಬುಕ್ಕುಗಳು ಒಬ್ಬರಿಂದ ಒಬ್ಬರ ಕೈಗೆ ಹೋಗುತ್ತವೆ. ಓದಿದ ಸಹಪಾಠಿ ಪುಟದ ಕೆಳಗೆ ಎರಡು ಸಾಲು ಬರೆಯಬೇಕು. 'ಚೆನ್ನಾಗಿದೆ' ಎಂದಷ್ಟೇ ಬರೆದರೆ ಸಾಲದು. ಯಾವುದು ಅರ್ಥವಾಯಿತು, ಯಾವುದು ಅರ್ಥವಾಗಲಿಲ್ಲ ಎಂದು ಬರೆಯಬೇಕು. ಸೆಮಿಸ್ಟರ್ ಮುಗಿದಾಗ ಪ್ರತಿಯೊಬ್ಬರೂ ತಮ್ಮ ಇಡೀ ನೋಟುಬುಕ್ಕನ್ನು ತಾವೇ ಓದಿ, ಕೊನೆಯ ಎರಡು ಪುಟಗಳಲ್ಲಿ ತಮ್ಮ ಬರವಣಿಗೆಯ ಲೆಕ್ಕವನ್ನು ತಾವೇ ಕೊಡಬೇಕು.

ಆ ಲೆಕ್ಕಗಳಲ್ಲಿ ಎರಡನ್ನು ನಿಮ್ಮ ಮುಂದಿಡುತ್ತೇನೆ. ಹೆಸರುಗಳು ಬೇಡ.

ಹಳ್ಳಿ ಮತ್ತು ಹಲ್ಲಿ

ಮೊದಲನೆಯ ಲೆಕ್ಕ ಒಬ್ಬ ಹುಡುಗನದು. ಅವನು ಹದಿನೆಂಟು ವಾರಗಳಲ್ಲಿ ಹದಿನೆಂಟು ಪುಟಗಳನ್ನೂ ಬರೆದಿದ್ದ. ಅಕ್ಷರ ದುಂಡಾಗಿತ್ತು. ತನಗೆ ತಾನೇ 10ಕ್ಕೆ 10 ಕೊಟ್ಟುಕೊಂಡಿದ್ದ. ಕಾರಣವನ್ನು ಒಂದೇ ಸಾಲಿನಲ್ಲಿ ಬರೆದಿದ್ದ: ಒಂದು ವಾರವೂ ತಪ್ಪಿಸಿಲ್ಲ. ಆದರೆ ಪುಟಗಳನ್ನು ತಿರುವಿದರೆ ಮೊದಲ ವಾರದ 'ನಮ್ಮ ಸಂತೆ'ಗೂ ಹದಿನೇಳನೇ ವಾರದ 'ನಮ್ಮ ಜಾತ್ರೆ'ಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಎರಡರಲ್ಲೂ ಜನರು ಬಹಳ ಬಂದಿದ್ದರು, ಅಂಗಡಿಗಳು ಬಹಳ ಇದ್ದವು, ಎಲ್ಲರಿಗೂ ಬಹಳ ಸಂತೋಷವಾಗಿತ್ತು. ಸಂತೆಯಲ್ಲಿ ಅವನು ಏನು ಕೊಂಡ, ಯಾರ ಜೊತೆ ಹೋಗಿದ್ದ ಎಂಬುದು ಎಲ್ಲಿಯೂ ಇರಲಿಲ್ಲ.

ಎರಡನೆಯದು ಒಬ್ಬ ಹುಡುಗಿಯದು. ಮನೆಯಲ್ಲಿ ದಖನಿ ಮಾತಾಡುವ, ಏಳನೇ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ, ನಂತರ ಕನ್ನಡ ಮಾಧ್ಯಮಕ್ಕೆ ಬಂದ ಹುಡುಗಿ. ನಮ್ಮ ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಇಂತಹ ಮಕ್ಕಳು ಬಹಳ. ಹಳ್ಳಿಯಲ್ಲಿ ಉರ್ದು ಹಿರಿಯ ಪ್ರಾಥಮಿಕ ಶಾಲೆ ಇರುತ್ತದೆ, ಪ್ರೌಢಶಾಲೆ ಇರುವುದಿಲ್ಲ. ದೂರದ ಊರಿಗೆ ಹೆಣ್ಣುಮಗಳನ್ನು ಕಳುಹಿಸಲು ಮನಸ್ಸಿಲ್ಲದವರು ಹತ್ತಿರದ ಕನ್ನಡ ಶಾಲೆಗೆ ಸೇರಿಸುತ್ತಾರೆ, ಇಲ್ಲವೇ ಓದನ್ನೇ ನಿಲ್ಲಿಸುತ್ತಾರೆ. ಸೇರಿದ ಮಕ್ಕಳಿಗೆ ಗಣಿತವೂ ಹೊಸ ಭಾಷೆ, ವಿಜ್ಞಾನವೂ ಹೊಸ ಭಾಷೆ.

ದಖನಿಯಲ್ಲಿ 'ಳ' ಇಲ್ಲ, 'ಣ' ಇಲ್ಲ. ಆದ್ದರಿಂದ ಈ ಹುಡುಗಿಯ ಮೊದಲ ಪುಟದಲ್ಲಿ 'ನಮ್ಮ ಹಲ್ಲಿ ಭೀಮಾ ನದಿಯ ಹತ್ತಿರ ಇದೆ' ಎಂದಿತ್ತು. ಮಳೆ 'ಮಲೆ'ಯಾಗಿತ್ತು, ಹಣ 'ಹನ'ವಾಗಿತ್ತು. ಆ ಪುಟದ ಕೆಳಗೆ ಸಹಪಾಠಿಯೊಬ್ಬಳು ನದಿಯ ಹತ್ತಿರ ಇರುವುದು ಊರೋ ಗೋಡೆಯ ಮೇಲಿನ ಹಲ್ಲಿಯೋ ಎಂದು ಕೇಳಿದ್ದಳು. ಇಬ್ಬರೂ ನಕ್ಕರು. ನಕ್ಕ ನಂತರ ಆ ಹುಡುಗಿ ಈ ಎರಡು ಅಕ್ಷರಗಳ ಬೆನ್ನು ಹತ್ತಿದಳು.

ಸೆಮಿಸ್ಟರ್‌ನ ಕೊನೆಯಲ್ಲಿ ಅವಳು ಬರೆದ ಲೆಕ್ಕ ಹೀಗಿತ್ತು. ಮೊದಲ ಪುಟದಲ್ಲಿ ಈ ಎರಡು ಅಕ್ಷರಗಳು 11 ಕಡೆ ತಪ್ಪಿದ್ದವು, ಕೊನೆಯ ಪುಟದಲ್ಲಿ 2 ಕಡೆ ತಪ್ಪಿವೆ. ಮೊದಲು ದಖನಿಯಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುತ್ತಿದ್ದಳು. ಈಗ ಹೊಲದ ವಿಷಯ ಬರೆಯುವಾಗ ಕನ್ನಡವೇ ಮೊದಲು ಬರುತ್ತದೆ, ಮನೆಯ ವಿಷಯ ಬರೆಯುವಾಗ ಇನ್ನೂ ಬರುವುದಿಲ್ಲ. ಉದ್ದನೆಯ ವಾಕ್ಯದಲ್ಲಿ ಕ್ರಿಯಾಪದ ಎಲ್ಲಿಯೋ ತಪ್ಪಿಹೋಗುತ್ತದೆ, ಆದ್ದರಿಂದ ಚಿಕ್ಕ ವಾಕ್ಯ ಬರೆಯುತ್ತಾಳೆ. ತನ್ನ ಅತ್ಯುತ್ತಮ ಪುಟ ಅಜ್ಜಿಯ ರೊಟ್ಟಿ ತಟ್ಟುವ ಕೈಗಳ ಬಗ್ಗೆ ಬರೆದದ್ದು. ಏಕೆಂದರೆ ಅದನ್ನು ಓದಿದ ಗೆಳತಿ ತನ್ನ ಅಜ್ಜಿಯ ಬಗ್ಗೆ ಹೇಳತೊಡಗಿದಳು. ತನಗೆ ತಾನು ಕೊಟ್ಟುಕೊಂಡ ಅಂಕ 10ಕ್ಕೆ 6.

ನಾಲ್ಕು ಅಂಕ ಏಕೆ ಕಳೆದುಕೊಂಡಳು? ಅದನ್ನೂ ಬರೆದಿದ್ದಳು. ಐದು ವಾರಗಳ ಪುಟಗಳು ಖಾಲಿ. ಆ ಐದು ವಾರ ಅವಳು ಹತ್ತಿ ಬಿಡಿಸಲು ಹೋಗಿದ್ದಳು.

ಓದುಗರೇ, ಹಾಜರಿ ಪುಸ್ತಕದಲ್ಲಿಯೂ ಆ ಐದು ವಾರಗಳು ಇದ್ದವು. ಆದರೆ ಅಲ್ಲಿ ಅದು ಶಾಲೆಯ ಲೆಕ್ಕ. ಇಲ್ಲಿ ಅದು ಅವಳ ಲೆಕ್ಕ. ತನ್ನ ಕಲಿಕೆಯ ಏಣಿಯಲ್ಲಿ ಯಾವ ಮೆಟ್ಟಿಲು ಮುರಿದಿದೆ ಎಂದು ಅವಳೇ ಬೆರಳಿಟ್ಟು ತೋರಿಸಿದ್ದಳು. ಯಾರನ್ನೂ ದೂರಿರಲಿಲ್ಲ. ಅವಳ ಒಪ್ಪಿಗೆ ಪಡೆದು ಆ ಎರಡು ಪುಟಗಳನ್ನು ಅವಳ ತಂದೆಗೆ ಓದಿ ಹೇಳಲಾಯಿತು. ಅವರು ಅಕ್ಷರ ಬಲ್ಲವರಲ್ಲ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೂಲಿಯಾಳು ಸಿಗದ ಕಷ್ಟ ಹೇಳಿಕೊಂಡರು. ಅದೂ ನಿಜವೇ. ಹತ್ತಿ ಒಡೆದು ನಿಂತರೆ ಕಾಯುವುದಿಲ್ಲ. ಕೊನೆಗೆ ಮುಂದಿನ ಸುಗ್ಗಿಯಲ್ಲಿ ಭಾನುವಾರ ಮತ್ತು ರಜಾ ದಿನಗಳಲ್ಲಿ ಮಾತ್ರ ಕರೆದುಕೊಂಡು ಹೋಗುತ್ತೇನೆ ಎಂದರು. ಮಾತು ಉಳಿಯುತ್ತದೆಯೋ ಇಲ್ಲವೋ ಮಳೆ, ಬೆಲೆ, ಸಾಲ ಇವುಗಳ ಮೇಲೂ ನಿಂತಿದೆ. ಆದರೆ ಶಾಲೆಯ ನೋಟೀಸು ಮಾಡದ ಕೆಲಸವನ್ನು ಮಗಳ ಎರಡು ಪುಟ ಮಾಡಿದವು.

ಅಳತೆಗೋಲು ಇಲ್ಲದ ಅಳತೆ

ಈಗ ಮೊದಲಿನ ಹುಡುಗನ ಕಡೆಗೆ ಬರೋಣ. ಅವನು ಸುಳ್ಳು ಹೇಳಿದನೇ? ಇಲ್ಲ. ಅವನ ಬಳಿ ಇದ್ದ ಅಳತೆಗೋಲು ಒಂದೇ: ಪುಟ ತುಂಬಿದೆಯೇ, ಇಲ್ಲವೇ? ಆ ಅಳತೆಯಲ್ಲಿ ಅವನಿಗೆ ಹತ್ತಕ್ಕೆ ಹತ್ತು ಬರಲೇಬೇಕು.

1999ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ ಎಂಬ ಮನಃಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ತರ್ಕ, ವ್ಯಾಕರಣ ಮುಂತಾದ ಪರೀಕ್ಷೆಗಳನ್ನು ಕೊಟ್ಟು, ನೀವು ಇತರರಿಗಿಂತ ಎಷ್ಟು ಚೆನ್ನಾಗಿ ಮಾಡಿದ್ದೀರಿ ಎಂದು ಕೇಳಿದರು. ಅತ್ಯಂತ ಕೆಳಗಿನ ಕಾಲು ಭಾಗದವರ ನಿಜವಾದ ಸ್ಥಾನ ನೂರರಲ್ಲಿ ಸುಮಾರು 12ರಷ್ಟಿತ್ತು. ಅವರು ತಮ್ಮನ್ನು ಸುಮಾರು 62ರಲ್ಲಿ ಇರಿಸಿಕೊಂಡಿದ್ದರು. ಇದು ಅಹಂಕಾರದ ಮಾತಲ್ಲ. ಸರಿಯಾಗಿ ಮಾಡಲು ಬೇಕಾದ ತಿಳುವಳಿಕೆ ಯಾವುದೋ, ತಪ್ಪನ್ನು ಗುರುತಿಸಲು ಬೇಕಾದ ತಿಳುವಳಿಕೆಯೂ ಅದೇ ಎಂಬುದು ಅವರ ವಿವರಣೆ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಇದೆ. ಅವರಿಗೆ ಆ ವಿಷಯದಲ್ಲಿ ಸ್ವಲ್ಪ ತರಬೇತಿ ಕೊಟ್ಟಾಗ ತಮ್ಮ ಕೊರತೆಯನ್ನು ಅವರೇ ಮೊದಲಿಗಿಂತ ಚೆನ್ನಾಗಿ ಗುರುತಿಸಿದರು.

ಆದ್ದರಿಂದ 'ನಿನಗೆ ನೀನೇ ಅಂಕ ಕೊಟ್ಟುಕೋ' ಎಂದು ಬರಿಗೈಯಲ್ಲಿ ಹೇಳಿದರೆ ಅದು ಸ್ವಮೌಲ್ಯಮಾಪನವಲ್ಲ, ಊಹೆ. ಮೊದಲು ಅಳತೆಗೋಲು ಕೈಗೆ ಕೊಡಬೇಕು. ಒಳ್ಳೆಯ ಪುಟ ಎಂದರೆ ಯಾವುದು? ಓದಿದವನ ಕಣ್ಣ ಮುಂದೆ ಚಿತ್ರ ಬಂತೇ? ಬೇರೆ ಯಾರೂ ಬರೆಯಲಾಗದ ಒಂದು ವಿಷಯವಾದರೂ ಇದೆಯೇ? ಹಿಂದಿನ ವಾರ ತಪ್ಪಿದ್ದು ಈ ವಾರವೂ ತಪ್ಪಿತೇ? ಆ ಹುಡುಗನಿಗೆ ಈ ಮೂರು ಪ್ರಶ್ನೆಗಳನ್ನು ಕೊಟ್ಟು ತನ್ನ 'ನಮ್ಮ ಸಂತೆ'ಯನ್ನು ಮತ್ತೆ ಓದಲು ಹೇಳಿದಾಗ, ಅವನೇ ಪೆನ್ಸಿಲ್ ತೆಗೆದುಕೊಂಡು ಐದು 'ಬಹಳ'ಗಳನ್ನು ಹೊಡೆದುಹಾಕಿದ.

ನಮ್ಮ ಹಿರಿಯರು ಕಲಿಸಿದ ಲೆಕ್ಕ

ಸ್ವಮೌಲ್ಯಮಾಪನ ಎಂಬ ಪದ ಹೊಸದು. ವಿಷಯ ಹೊಸದಲ್ಲ. ಕ್ರಿ.ಶ. 857ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡ ಹಾರಿಸ್ ಅಲ್ ಮುಹಾಸಿಬಿ ಎಂಬ ವಿದ್ವಾಂಸರಿಗೆ ಆ ಹೆಸರು ಬಂದದ್ದೇ ಮುಹಾಸಬದಿಂದ, ಅಂದರೆ ತನ್ನ ಲೆಕ್ಕವನ್ನು ತಾನೇ ಪಡೆಯುವ ಅಭ್ಯಾಸದಿಂದ. ಇಮಾಮ್ ಗಝ್ಝಾಲಿಯವರು ನಲವತ್ತು ಗ್ರಂಥಗಳ ತಮ್ಮ 'ಇಹ್ಯಾ ಉಲೂಮುದ್ದೀನ್'ನಲ್ಲಿ ಮೂವತ್ತೆಂಟನೆಯದನ್ನು ಇದಕ್ಕೇ ಮೀಸಲಿಟ್ಟಿದ್ದಾರೆ. ಅಲ್ಲಿ ಅವರು ಕೊಡುವ ಹೋಲಿಕೆ ಯಾದಗಿರಿಯ ಅಡತ್ ಅಂಗಡಿಯವರಿಗೂ ಕೂಡಲೇ ಅರ್ಥವಾಗುವಂಥದ್ದು. ಬುದ್ಧಿ ವ್ಯಾಪಾರಿ, ಮನಸ್ಸು ಅದರ ಪಾಲುದಾರ. ಪಾಲುದಾರನ ಕೈಗೆ ಬಂಡವಾಳ ಕೊಡುವ ಮೊದಲು ಷರತ್ತು ಹಾಕಬೇಕು, ವ್ಯಾಪಾರ ನಡೆಯುವಾಗ ಕಣ್ಣಿಟ್ಟಿರಬೇಕು, ಕೊನೆಗೆ ಕುಳಿತು ಲಾಭ ನಷ್ಟದ ಲೆಕ್ಕ ಪಡೆಯಬೇಕು. ನಷ್ಟ ಕಂಡರೆ ಪಾಲುದಾರನನ್ನು ತರಾಟೆಗೆ ತೆಗೆದುಕೊಳ್ಳಬೇಕು, ಮುಂದಿನ ದುಡಿಮೆಯನ್ನು ಹೆಚ್ಚಿಸಬೇಕು.

ಈ ಕ್ರಮವನ್ನು ಗಮನಿಸಿ. ಲೆಕ್ಕ ಕೊನೆಯಲ್ಲಿ ಬರುತ್ತದೆ. ಷರತ್ತು ಮೊದಲು ಬರುತ್ತದೆ. ಸೆಮಿಸ್ಟರ್‌ನ ಆರಂಭದಲ್ಲಿ ಏನು ಬಯಸಿದ್ದೆವು ಎಂದು ಬರೆದಿಡದಿದ್ದರೆ ಕೊನೆಯಲ್ಲಿ ಯಾವುದರ ಲೆಕ್ಕ ತೆಗೆಯುವುದು?

ಮದ್ರಸದಲ್ಲಿ ಹಿಫ್ಝ್ ಮಾಡುವ ಮಕ್ಕಳನ್ನು ನೋಡಿದವರಿಗೆ ಇದು ಗೊತ್ತಿದೆ. ಅಂದಿನ ಹೊಸ ಪಾಠ ಸಬಕ್, ಹಿಂದಿನದರ ಪುನರಾವರ್ತನೆ ಬೇರೆ. ಹಜ್ರತ್‌ರ ಮುಂದೆ ಕೂರುವ ಮೊದಲು ಹುಡುಗ ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ತನಗೆ ತಾನೇ ಒಪ್ಪಿಸುತ್ತಾನೆ. ಎಲ್ಲಿ ತಡವರಿಸಿತು ಎಂದು ಮೊದಲು ತಿಳಿಯುವುದು ಅವನಿಗೇ. ಸಬಕ್ ಪಕ್ಕಾ ಆಗಿದೆಯೋ ಕಚ್ಚಾ ಇದೆಯೋ ಎಂದು ಅವನೇ ಹೇಳಬಲ್ಲ. ಕಚ್ಚಾ ಇದೆ ಎಂದು ಹೇಳಿದ ಹುಡುಗನಿಗೆ ಇನ್ನೊಂದು ಗಳಿಗೆ ಕೊಡುವ ಉಸ್ತಾದರೂ ಇದ್ದಾರೆ, ಬೆತ್ತ ತೆಗೆಯುವವರೂ ಇದ್ದಾರೆ. ಬೆತ್ತ ತೆಗೆದಲ್ಲಿ ಮರುದಿನ ಎಲ್ಲರ ಸಬಕ್ ಪಕ್ಕಾ ಆಗಿರುತ್ತದೆ, ಬಾಯಿಮಾತಿನಲ್ಲಿ!

ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿಯೂ ಇದರ ಒಂದು ಒಳ್ಳೆಯ ಉದಾಹರಣೆ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ 2009-10ರಲ್ಲಿ ರಾಜ್ಯದ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆ ವಿಸ್ತರಿಸಿತು. ಅದರಲ್ಲಿ ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಆರು ವರ್ಷದ ಮಗು ತಾನು ಯಾವ ಮೆಟ್ಟಿಲಿನಲ್ಲಿ ಇದ್ದೇನೆ ಎಂದು ತಾನೇ ನೋಡುತ್ತದೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ತಟ್ಟೆಯ ಸುತ್ತ, ಸಹಪಾಠಿಗಳ ನೆರವು ಸಾಕೆನ್ನುವವರು ಇನ್ನೊಂದರ ಸುತ್ತ, ತಾನೇ ಕಲಿಯಬಲ್ಲವರು ಮತ್ತೊಂದರ ಸುತ್ತ ಕೂರುತ್ತಾರೆ. ನೆರವು ಬೇಕು ಎನ್ನುವುದು ಅಲ್ಲಿ ಅವಮಾನವಲ್ಲ, ಕೂರುವ ಜಾಗ ಅಷ್ಟೇ. ಅದೇ ಮಗು ದೊಡ್ಡ ತರಗತಿಗೆ ಬಂದಾಗ 'ನನಗೆ ಅರ್ಥವಾಗಿಲ್ಲ' ಎನ್ನಲು ಹೆದರುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ವಮೌಲ್ಯಮಾಪನದ ಮಾತು ಹೇಳಿತು. 2020ರ ಶಿಕ್ಷಣ ನೀತಿಯೂ ಪ್ರಗತಿ ಪತ್ರದಲ್ಲಿ ಶಿಕ್ಷಕರ ಜೊತೆಗೆ ಮಗುವಿನ ಮತ್ತು ಸಹಪಾಠಿಗಳ ಅಭಿಪ್ರಾಯ ಇರಬೇಕೆಂದಿತು. ಆ ನೀತಿಯ ಇತರ ಅಂಶಗಳ ಬಗ್ಗೆ ನಮ್ಮ ರಾಜ್ಯದಲ್ಲಿ ಭಿನ್ನಾಭಿಪ್ರಾಯಗಳಿವೆ. ಈ ಒಂದು ಮಾತಿನ ಬಗ್ಗೆ ಯಾರಿಗೂ ತಕರಾರು ಇರಬೇಕಾಗಿಲ್ಲ.

ನಮ್ಮ ಜಿಲ್ಲೆಗೆ ಇದು ಏಕೆ ಬೇಕು?

2010ರಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದ ಯಾದಗಿರಿಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿ ಸಾಮಾನ್ಯವಾಗಿ ಒಂದೇ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ರಷ್ಟಿದ್ದಾಗ ನಮ್ಮದು ಸುಮಾರು ಶೇ. 52, ರಾಜ್ಯದಲ್ಲೇ ಕೊನೆ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಉಡುಪಿ ಶೇ. 94ರೊಂದಿಗೆ ಮೊದಲು, ಯಾದಗಿರಿ ಶೇ. 50.59ರೊಂದಿಗೆ ಕೊನೆ.

ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಾಯಿತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಇದಕ್ಕೆ ಹಲವರು ಹಲವು ಕಾರಣ ಹೇಳಿದರು. ನಾನು ಒಂದು ಪ್ರಶ್ನೆಯನ್ನು ಮಾತ್ರ ಕೇಳುತ್ತೇನೆ. ಫಲಿತಾಂಶದ ದಿನ ಅನುತ್ತೀರ್ಣ ಎಂದು ನೋಡಿ ಬೆಚ್ಚಿಬಿದ್ದ ಸಾವಿರಾರು ಮಕ್ಕಳಿಗೆ ತಾವು ಎಲ್ಲಿ ನಿಂತಿದ್ದೇವೆ ಎಂದು ಹಿಂದಿನ ದಿನದವರೆಗೂ ಏಕೆ ಗೊತ್ತಿರಲಿಲ್ಲ? ಹತ್ತು ವರ್ಷ ಶಾಲೆಗೆ ಹೋದ ಮಗುವಿಗೆ ತನಗೆ ಏನು ಬರುವುದಿಲ್ಲ ಎಂದು ತಿಳಿಯಲು ಕ್ಯಾಮೆರಾ ಬರಬೇಕಾಯಿತೇ? ಕ್ಯಾಮೆರಾ ನಕಲನ್ನು ಹಿಡಿಯಬಲ್ಲದು. ನಕಲು ಏಕೆ ಬೇಕಾಯಿತು ಎಂದು ಮಗುವೇ ಹೇಳಬೇಕು, ಅದೂ ಪರೀಕ್ಷೆಗೆ ಬಹಳ ಮೊದಲು.

ಸುರಪುರದವರಿಗೆ ಇನ್ನೊಂದು ಮಾತು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೀವೆಲ್ಲ ನೋಡಿದ್ದೀರಿ. ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದರು. ತಮ್ಮ ಜೀವನದ ಲೆಕ್ಕವನ್ನು ತಾವೇ ಬರೆದಿಟ್ಟರು. 1876ರಲ್ಲಿ ಅವರು ತೀರಿಕೊಂಡ ಮರುವರ್ಷ ಮಗಳು ಅದನ್ನು ಪ್ರಕಟಿಸಿದರು. ಅವರ ಕಣ್ಣ ಮುಂದೆಯೇ ಬೆಳೆದ ಬಾಲಕ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಂತು, 1858ರಲ್ಲಿ ಇಪ್ಪತ್ತರ ಹರೆಯದಲ್ಲೇ ಪ್ರಾಣ ಕಳೆದುಕೊಂಡ. ತನ್ನ ಮಾತನ್ನು ಬರೆದಿಡಲು ಅವನಿಗೆ ಆಯುಷ್ಯವೇ ಸಿಗಲಿಲ್ಲ. ಆ ರಾಜನ ಬಾಲ್ಯ, ಮನಸ್ಸು, ಕೊನೆಯ ದಿನಗಳ ಬಗ್ಗೆ ಇಂದು ಬರೆಯುವವರು ಟೇಲರರ ಪುಸ್ತಕವನ್ನೇ ತೆರೆಯಬೇಕಾಗುತ್ತದೆ. ಟೇಲರ್ ಪ್ರೀತಿಯಿಂದಲೇ ಬರೆದಿರಬಹುದು. ಆದರೂ ಅದು ಟೇಲರರ ಲೆಕ್ಕ. ತನ್ನ ಲೆಕ್ಕ ತಾನು ಬರೆಯದವನ ಲೆಕ್ಕವನ್ನು ಇನ್ನೊಬ್ಬರು ಬರೆಯುತ್ತಾರೆ. ವ್ಯಕ್ತಿಗೂ ಹೀಗೆಯೇ, ಊರಿಗೂ ಹೀಗೆಯೇ. 'ಕೊನೆಯ ಸ್ಥಾನ' ಎಂಬುದು ನಮ್ಮ ಬಗ್ಗೆ ಬೇರೆಯವರು ಬರೆದ ಒಂದು ಸಾಲು. ನಮ್ಮ ಮಕ್ಕಳು ಬರೆಯುವ ಸಾಲು ಯಾವುದು?

ಹೆತ್ತವರಿಗೆ ನಾಲ್ಕು ಮಾತು

ಮೊದಲನೆಯದು, ಮಗು ತನಗೆ ತಾನು ಕೊಟ್ಟುಕೊಳ್ಳುವ ಅಂಕವನ್ನು ಯಾವ ಅಂಕಪಟ್ಟಿಗೂ ಸೇರಿಸಬೇಡಿ ಎಂದು ಶಿಕ್ಷಕರಲ್ಲಿ ಕೇಳಿಕೊಳ್ಳಿ. ಆ 6ರಿಂದ ನಷ್ಟವಾಗುತ್ತದೆ ಎಂದು ಗೊತ್ತಾದರೆ ಮುಂದಿನ ಸಲ ಆ ಹುಡುಗಿಯೂ 10 ಬರೆಯುತ್ತಾಳೆ. ಸತ್ಯ ಹೇಳಿದ್ದಕ್ಕೆ ದಂಡ ತೆತ್ತ ಮಗು ಎರಡನೆಯ ಸಲ ಸತ್ಯ ಹೇಳುವುದಿಲ್ಲ.

ಎರಡನೆಯದು, ಮಗುವಿನ ನೋಟುಬುಕ್ಕನ್ನು ಕದ್ದು ಓದಬೇಡಿ. ನೆಂಟರ ಮುಂದೆ ಓದಿ ನಗಬೇಡಿ. ಅದರಲ್ಲಿ ಮನೆಯ ಮಾತೂ ಇರಬಹುದು, ನಿಮ್ಮ ಸಿಟ್ಟಿನ ಮಾತೂ ಇರಬಹುದು. ಅದು ಅಮಾನತ್. ತೋರಿಸಲು ಇಷ್ಟವಿದ್ದದ್ದನ್ನು ಅದೇ ತೋರಿಸಲಿ. ಶಾಲೆಯಲ್ಲಿಯೂ ಸಹಪಾಠಿಗಳ ಕೈಗೆ ಹೋಗುವ ಪುಟ ಬೇರೆ, ತನಗಾಗಿ ಬರೆದ ಪುಟ ಬೇರೆ ಇರಬೇಕು.

ಮೂರನೆಯದು, ನಿಮಗೆ ಓದು ಬರಹ ಬಾರದಿದ್ದರೂ ಈ ಕೆಲಸದಲ್ಲಿ ನಿಮಗೆ ಪಾಲಿದೆ. ರಾತ್ರಿ ಊಟವಾದ ಮೇಲೆ ಮೂರು ಪ್ರಶ್ನೆ ಕೇಳಿ: ಈ ವಾರ ಮೊದಲು ಬಾರದ್ದು ಈಗ ಏನು ಬರುತ್ತದೆ? ಯಾವುದು ಇನ್ನೂ ಬರುವುದಿಲ್ಲ? ಅದಕ್ಕೆ ಯಾರ ನೆರವು ಬೇಕು? ಉತ್ತರ ಕೇಳಿ ಉಪದೇಶ ಮಾಡಬೇಡಿ. ಎರಡನೆಯ ಪ್ರಶ್ನೆಗೆ ಮಗು ಧೈರ್ಯದಿಂದ ಉತ್ತರಿಸಿದ ದಿನ ಅದನ್ನು ಮೆಚ್ಚಿಕೊಳ್ಳಿ.

ನಾಲ್ಕನೆಯದು ಸ್ವಲ್ಪ ಕಷ್ಟದ್ದು. ಮಗು ಕೊಟ್ಟ ಲೆಕ್ಕದಲ್ಲಿ ನಿಮ್ಮ ಪಾಲಿನ ನಷ್ಟವೂ ಕಾಣಿಸಬಹುದು. ಖಾಲಿ ಪುಟಗಳ ಹಿಂದೆ ಹತ್ತಿ ಹೊಲ ಇರಬಹುದು, ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಸಿದ ದಿನಗಳಿರಬಹುದು, ದುಡಿಮೆಗೆಂದು ಇಡೀ ಕುಟುಂಬ ಬೆಂಗಳೂರಿಗೆ ಗುಳೆ ಹೋದ ತಿಂಗಳುಗಳಿರಬಹುದು. ಬಡತನವನ್ನು ಒಂದು ನೋಟುಬುಕ್ಕು ಹೋಗಲಾಡಿಸುವುದಿಲ್ಲ. ಆದರೆ ಯಾವ ದುಡಿಮೆಗೆ ಎಷ್ಟು ಬೆಲೆ ತೆತ್ತೆವು ಎಂದು ತಿಳಿಯದೆ ಮಾಡುವ ವ್ಯಾಪಾರಕ್ಕೆ ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ. ಮಗಳ ಐದು ವಾರದ ಬೆಲೆ ಎಷ್ಟು ಎಂದು ಕೂಲಿಯ ಲೆಕ್ಕದಲ್ಲಿ ಮಾತ್ರ ನೋಡಬೇಡಿ.

ಓದುಗರೇ, ಹೊಸ ಸೆಮಿಸ್ಟರ್ ಆರಂಭವಾಗುವಾಗ ಮಕ್ಕಳಿಗೆ ಪುಸ್ತಕ, ಸಮವಸ್ತ್ರ ಕೊಡಿಸುತ್ತೀರಿ. ಜೊತೆಗೆ ನೂರು ಪುಟದ ಒಂದು ಖಾಲಿ ನೋಟುಬುಕ್ಕನ್ನೂ ಕೊಡಿಸಿ. ಮೊದಲ ಪುಟದಲ್ಲಿ ಈ ಅರ್ಧ ವರ್ಷದಲ್ಲಿ ತಾನು ಕಲಿಯಬೇಕೆಂದಿರುವ ಎರಡೇ ಎರಡು ವಿಷಯ ಬರೆಯಲು ಹೇಳಿ. ಕೊನೆಯ ಎರಡು ಪುಟಗಳನ್ನು ಖಾಲಿ ಬಿಡಲು ಹೇಳಿ. ಆ ಎರಡು ಪುಟಗಳು ಅದರವು. ಅಲ್ಲಿ ಅಂಕ ಕೊಡುವ ಪೆನ್ನು ನಮ್ಮ ಕೈಯಲ್ಲಿ ಬೇಡ.